ಅಕ್ಕ ಕರೆಯುವ ಹೆಸರು

ಮುಧೋಳ
14 ಆಗಸ್ಟ್ 2002

ನರ್ಮದಾಗೆ ನಿನ್ನ ಶೈಲಕ್ಕನ ಆಶೀರ್ವಾದ.

ಮಲಗಿದಲ್ಲೇ, ಎದಿ ಮ್ಯಾಲ ಹಲಿಗಿ ಇಟ್ಟುಕೊಂಡು ಬರೀಲಿಕ್ಕತ್ತೀನಿ. ಅಕ್ಷರ ಡೊಂಕಾಗಿದ್ರ ಸುಧಾರಿಸಿಕೊಂಡು ಓದು. ಡಾಕ್ಟರಬಾಯಿ ಎದ್ದು ಕೂಡ್ರಲಿಕ್ಕೂ ಬ್ಯಾಡ ಅಂದಾಳ. ಐದನೇ ತಿಂಗಳು ನಡದದ. ಹಿಂದಿನ ಎರಡೂ ಸಲ ಇಷ್ಟು ದೂರ ಬಂದಿರಲಿಲ್ಲ, ನಿನಗ ಗೊತ್ತದ. ಅದಕ್ಕ ನಾನೂ ಹಟ ಮಾಡದ ಮಲಗೀನಿ. ಮಾಳಿಗಿ ತೊಲಿ ನೋಡಿ ನೋಡಿ ಅದರ ಗಂಟು ಸೈತ ಬಾಯಿಪಾಠ ಆಗ್ಯಾವ.

ಚನ್ನವೀರನ ಇ-ಮೇಲ್ ಬರದ ಎರಡು ವಾರದ ಮ್ಯಾಲಾತು. ನಿನ್ನ ಗಂಡಗ ಏನಾಗೇದ? ಕಾರಹುಣ್ಣಿಮಿಗೆ ಬಂದಾಗ ನಮ್ಮವರ ಸಕ್ಕರಿ ಫ್ಯಾಕ್ಟರಿಯವರು ಮೂಲಿಗಿ ಹಾಕಿದ್ದ ಕಂಪ್ಯೂಟರ್ ತಂದು, ರಿಪೇರಿ ಮಾಡಿ, ನನ್ನ ಮಂಚದ ಬಾಜೂಕ ಇಟ್ಟು, ‘ಅಕ್ಕಾ, ದಿನಾ ನಾಕು ಸಾಲು ಬರೀತೀನಿ, ನಿನಗ ಬ್ಯಾಸರ ಆಗೂದಿಲ್ಲ’ ಅಂದು ಹೋದ. ಅಂದಂಗ ನಡಕೊಂಡ. ನಿನ್ನ ಅಡಿಗಿ ಚ್ಯಾಷ್ಟಿ, ಹಡಪಸರದ ಟ್ರಾಫಿಕ್ಕಿಗೆ ಬೈಗಳ, ಆಫೀಸಿನಾಗ ಯಾರೋ ಪಾಸ್‌ವರ್ಡ್ ಚೀಟಿ ಮ್ಯಾಲ ಬರದು ಕಂಪ್ಯೂಟರಿಗೇ ಅಂಟಿಸಿದ್ದು, ಎಲ್ಲಾ ಬರೀತಿದ್ದ. ಈಗ ದಿನಾ ತಗದು ನೋಡತೀನಿ, ಏನೂ ಇರೂದಿಲ್ಲ.

ನನಗೂ ಪಾಸ್‌ವರ್ಡ್ ಮಾಡಿಕೊಡೂ ದಿನ ಏನು ಉಪದೇಶ ಅಂತಿ. ಗಂಡನ ಹೆಸರು ಬ್ಯಾಡ, ಹುಟ್ಟಿದ ತಾರೀಖು ಬ್ಯಾಡ, ಓಣಿ ಮಂದಿಗೆಲ್ಲಾ ಗೊತ್ತಿದ್ದದ್ದು ಯಾವುದೂ ಬ್ಯಾಡ. ‘ನನ್ನ ಹೆಸರಿಲೇ ಯಾರರ ಕೇಳಿದ್ರೂ ಹೇಳಬ್ಯಾಡ. ನಾನ ಕೇಳಿದ್ರೂ ಹೇಳಬ್ಯಾಡ’ ಅಂದ. ‘ನೀ ಕೇಳಿದ್ರ ನನಗ ಗೊತ್ತಾಗೂದಿಲ್ಲೇನೋ?’ ಅಂದೆ. ‘ಕಂಪ್ಯೂಟರಿನಾಗ ಮಾರಿ ಕಾಣೂದಿಲ್ಲ ಅಕ್ಕಾ’ ಅಂದ.

ನಿಮ್ಮ ಫೋನೂ ಹತ್ತೂದಿಲ್ಲ. ಏಳನೇ ತಿಂಗಳಿಗೆ ಕುಬಸ ಮಾಡಬೇಕಂತ ನಮ್ಮವರು ಅನಲಿಕ್ಕತ್ತಾರ. ಅಪ್ಪ, ಅವ್ವ ಇಲ್ಲದ ನನಗ ತವರು ಅಂದ್ರ ಅವನೊಬ್ಬ, ಈಗ ನೀನೂ. ಇಬ್ಬರೂ ಬರಬೇಕು. ಪತ್ರ ಮುಟ್ಟಿದ ಕೂಡಲೇ ಬರಿ.

ನಿನ್ನ
ಶೈಲಕ್ಕ

*

ಖಡಕಿ, ಪುಣೆ
22 ಆಗಸ್ಟ್ 2002

ಶೈಲಕ್ಕಾರಿಗೆ ನರ್ಮದಾ ಮಾಡುವ ನಮಸ್ಕಾರಗಳು.

ಪತ್ರ ಬಂತ್ರಿ. ನೀವು ಆರಾಮ ಇದ್ದೀರಿ ಅಂತ ಓದಿ ಜೀವ ತಂಪಾತು. ಇಲ್ಲಿ ರಸ್ತೆ ಅಗದು ಕೇಬಲ್ ಹಾಕಲಿಕ್ಕತ್ತಾರ್ರಿ, ಅದಕ್ಕ ಫೋನ್ ಬಂದ್ ಅದ. ಇವರಿಗೆ ಏನೂ ಆಗಿಲ್ರಿ. ಕಂಪನಿಯವರು ನಾಗಪುರಕ್ಕ ಕಳಿಸ್ಯಾರ. ಅಲ್ಲಿ ಹೊಸ ಆಫೀಸಿನ ಕಂಪ್ಯೂಟರ್ ಎಲ್ಲಾ ಇವರೇ ಕೂಡಿಸಬೇಕಂತ. ಭಾಳ ಗಡಿಬಿಡಿ ಅದರಿ.

ಒಂದು ಮಾತು ಕೇಳಬೇಕಾಗಿತ್ತು. ಆ ಗಡಿಬಿಡಿಯೊಳಗ ಇವರು ತಮ್ಮ ಇ-ಮೇಲಿನ ಪಾಸ್‌ವರ್ಡ್ ಮರತಾರ್ರಿ. ಮರತವರಿಗೆ ಅದು ಒಂದು ಪ್ರಶ್ನೆ ಕೇಳ್ತದ, ಉತ್ತರ ಬರೋಬರಿ ಕೊಟ್ರ ಹೊಸ ಪಾಸ್‌ವರ್ಡ್ ಇಡಲಿಕ್ಕೆ ಬಿಡ್ತದ. ಇವರು ಇಟ್ಟ ಪ್ರಶ್ನೆ ‘ಸಣ್ಣಾಂವ ಇದ್ದಾಗ ಅಕ್ಕ ನನ್ನ ಏನಂತ ಕರೀತಿದ್ಳು?’ ಅಂತ ಅದ. ಆ ಹೆಸರು ನಿಮಗ ಗೊತ್ತಿರತದ. ಬರದು ಕಳಿಸ್ರಿ. ಇಂಗ್ಲಿಷ್ ಅಕ್ಷರದಾಗ ಹೆಂಗ ಬರೀತಿದ್ರು ಅನ್ನೂದನ್ನೂ ತಿಳಿಸ್ರಿ.

ನಾ ಕಲಿಸೂ ಬಾಲವಾಡಿಯೊಳಗ ಹುಡುಗರ ಸಂಖ್ಯಾ ಹೆಚ್ಚಾಗ್ಯಾದ. ಸೊಲ್ಲಾಪುರದಾಗ ಮರಾಠಿ ಸಾಲಿ ಕಲಿತಾಕಿ ನಾ, ನನ್ನ ಕನ್ನಡ ಅಕ್ಷರ ನೀವು ತಿದ್ದಿಸಿದ್ದು. ತಪ್ಪಿದ್ರ ಹೊಟ್ಟಿಯೊಳಗ ಹಾಕ್ಕೋರಿ. ನಿಮ್ಮ ಮನಿಯವರು ಮಲಕಪ್ಪ ಮಾಮಾರಿಗೆ ನಮಸ್ಕಾರ ಹೇಳ್ರಿ.

ನಿಮ್ಮ
ನರ್ಮದಾ

*

ಮುಧೋಳ
30 ಆಗಸ್ಟ್ 2002

ನರ್ಮದಾ,

ನಿನ್ನ ಪತ್ರ ಮತ್ತ ಮತ್ತ ಓದಿದೆ.

ನಮ್ಮವರೂ ಕಂಪನಿಗೆ ಫೋನ್ ಹಚ್ಚಿದ್ರಂತ, ಅವ ಪರಊರಿಗೆ ಹೋಗ್ಯಾನ ಅಂದ್ರಂತ. ಆತು, ನಾಗಪುರಕ್ಕ ಹೋಗ್ಯಾನ ಅನ್ನೋಣ. ಆದ್ರ ಅಲ್ಲಿಂದ ಅಕ್ಕಗ ಒಂದು ಕಾರ್ಡ್ ಹಾಕಲಾರದಷ್ಟು ಕೆಲಸೇನು? ಮತ್ತ ಮಂದಿ ಪಾಸ್‌ವರ್ಡ್ ಕಾಯೂದ ಅವನ ನೌಕರಿ. ಅವ ತನ್ನದು ಮರತ ಅಂದ್ರ ನಾ ಹೆಂಗ ನಂಬಲಿ? ಮರತ ಅಂತನ ಇಟ್ಟುಕೊ. ಅಕ್ಕ ಕರೀತಿದ್ದ ಹೆಸರೂ ಮರತನೇನು?

ನಾ ನಿನಗ ಅತ್ತಿಯೂ ಅಲ್ಲ, ಬೈಯಾಕಿಯೂ ಅಲ್ಲ. ಹಿರಿಯಕ್ಕ ಅಂತ ಬರೀತೀನಿ. ನಿಮ್ಮಿಬ್ಬರ ನಡು ಏನರ ಆಗೇದೇನು? ಮಾತು ಬಿಟ್ಟೀರೇನು? ಮದಿವ್ಯಾಗಿ ಮೂರು ವರ್ಷಕ್ಕ ಹೀಂಗ ಆಗತದ, ನಮಗೂ ಆಗಿತ್ತು. ಅವ ಯಾರಿಗೆ ಬರೀತಾನ, ಅವಗ ಯಾರು ಬರೀತಾರ ಅಂತ ನಿನ್ನ ಮನಸಿಗೆ ಹುಳ ಹತ್ತಿದ್ರ ಕೂಡ್ರಿಸಿಕೊಂಡು ನೇರ ಕೇಳು. ಅವ ಸುಳ್ಳು ಹೇಳಾಂವ ಅಲ್ಲ. ಹಿತ್ತಲ ಬಾಗಲಾ ತಗದು ಒಳಗ ಹೋಗಬ್ಯಾಡವ್ವಾ. ಒಳಗ ಏನೂ ಸಿಗದಿದ್ರೂ, ಹೋದೆ ಅನ್ನೂದು ನಿನ್ನ ಎದಿಯೊಳಗ ಉಳೀತದ.

ಆ ಹೆಸರು ನಾ ಬರಿಯೂದಿಲ್ಲ. ಯಾರು ಕೇಳಿದ್ರೂ ಹೇಳಬ್ಯಾಡ ಅಂದಾಂವ ಅವನ. ಸಿಟ್ಟಾಗಬ್ಯಾಡ. ಕುಬಸಕ್ಕ ಇಬ್ಬರೂ ಬರ್ರಿ, ಆವಾಗ ನಾನ ನಿಮ್ಮ ನ್ಯಾಯ ಬಗಿಹರಸ್ತೀನಿ.

ಶೈಲಕ್ಕ

*

ಖಡಕಿ
13 ಸಪ್ಟೆಂಬರ್ 2002

ಶೈಲಕ್ಕಾರಿಗೆ ನಮಸ್ಕಾರಗಳು.

ನೀವು ಬರದದ್ದರಾಗ ತಪ್ಪಿಲ್ರಿ. ಹಂಗ ಅಂತ ತಿಳ್ಕೊರಿ. ನಾನೂ ಮನಿಷ್ಯಾಳ ಅಲ್ಲೇನ್ರಿ, ಒಂದೊಂದು ಸಲ ಮನಸಿಗೆ ಏನೇನೋ ಬರ್ತದ. ಇನ್ನ ಮುಂದ ಆ ಹೆಸರು ಕೇಳೂದಿಲ್ಲ. ನೀವು ಇದನ್ನ ತಲಿಯೊಳಗ ಹಾಕ್ಕೋಬ್ಯಾಡ್ರಿ. ಡಾಕ್ಟರಬಾಯಿ ಅಂದಂಗ ಮಲಗಿರ್ರಿ, ಹಾಲು ತಪ್ಪಸಬ್ಯಾಡ್ರಿ.

ಇಲ್ಲಿ ಗಣಪತಿ ಕೂತಾವ್ರಿ. ನಮ್ಮ ಗಲ್ಲಿ ಮಂಡಳದವರು ಈ ಸಲ ದೊಡ್ಡ ಢೋಲ್ ತಂಡ ತರಿಸ್ಯಾರ. ಸಂಜಿಗೆ ಶುರು ಆತು ಅಂದ್ರ ಭಾಂಡಿ ಸೈತ ನಡಗ್ತಾವ. ಕಿಡಕಿ ಎಲ್ಲಾ ಹಾಕಿ, ಕಿವಿಯೊಳಗ ಹತ್ತಿ ಇಟ್ರೂ ಇವರಿಗೆ ಆ ಸಪ್ಪಳ ತಡಕೊಳ್ಳೂದು ಆಗವಲ್ದು. ನಾನ ಹೋಗಿ ಕೈ ಮುಗದು ಕೇಳಿದೆ, ನಮ್ಮ ಮನಿ ಮುಂದ ಬಂದಾಗ ಸ್ವಲ್ಪ ಹಗೂರ ಬಾರಸ್ತೀವಿ ಅಂದಾರ. ಒಳ್ಳೆ ಮಂದಿ.

ಹೆಚ್ಚಿಗಿ ಬರೀಲಿಕ್ಕೆ ಪುರಸೊತ್ತಿಲ್ರಿ. ನೀವು ಆರಾಮ ಇರ್ರಿ, ಅಷ್ಟ ಸಾಕು.

ನರ್ಮದಾ

*

ಮುಧೋಳ
21 ಸಪ್ಟೆಂಬರ್ 2002

ಚನ್ನವೀರಾ,

ಇದನ್ನ ನಿನ್ನ ಹಡಪಸರದ ಆಫೀಸಿನ ವಿಳಾಸಕ್ಕ ಹಾಕ್ಲಿಕ್ಕತ್ತೀನಿ. ಇ-ಮೇಲ್ ಮಾಡಿದ್ರ ಅದನ್ನ ಯಾರು ಓದತಾರೋ ತಿಳಿಯೂದಿಲ್ಲ. ಮನಿಗೆ ಹಾಕಿದ್ರ ನಿನ್ನ ಕೈಗೆ ಮುಟ್ಟತದೋ ಇಲ್ಲೋ ಅದೂ ಗೊತ್ತಿಲ್ಲ.

ನೀ ನಾಗಪುರಕ್ಕ ಹೋಗಿಲ್ಲ. ಗಣಪತಿ ಢೋಲಿನ ಸಪ್ಪಳಕ್ಕ ಕಿವಿಯೊಳಗ ಹತ್ತಿ ಇಟ್ಟುಕೊಂಡು ಮನ್ಯಾಗ ಇದ್ದೀ. ನಿನ್ನ ಹೇಂತಿ ಗೊತ್ತಿಲ್ಲದ ಬರದಾಳ.

ಮನ್ಯಾಗಿದ್ದೂ ನನಗ ಒಂದು ಸಾಲು ಬರೀಲಿಲ್ಲ ಅಂದ್ರ ನನ್ನ ಮ್ಯಾಲ ಸಿಟ್ಟೇನೋ? ಕಾರಹುಣ್ಣಿಮಿ ದಿನ ಹೋಳಗಿ ಬಡಸಲಿಕ್ಕೆ ನಾ ಏಳಲಿಲ್ಲ ಅಂತ ಸಿಟ್ಟಾಗಾಂವ ನೀ ಅಲ್ಲ. ಮತ್ತ ಏನು? ಹಗಲೆಲ್ಲಾ ಮಲಗಿದಾಕಿಗೆ ಇದ ವಿಚಾರ. ಅಪ್ಪ ಹೋದಾಗ ನೀ ಆರನೇ ಇಯತ್ತೆಯೊಳಗಿದ್ದಿ. ಅವತ್ತಿನಿಂದ ಎರಡು ದಿನ ನಮ್ಮಿಬ್ಬರ ನಡು ಮಾತು ಇಲ್ಲದ ಹೋಗಿಲ್ಲ.

ಇನ್ನೊಂದು. ನರ್ಮದಾ ನಿನ್ನ ಇ-ಮೇಲಿನ ಪ್ರಶ್ನೆಗೆ ಉತ್ತರ ನನಗ ಕೇಳಿದ್ಳು. ನಾ ಕೊಡಲಿಲ್ಲ. ನೀ ಆ ಪ್ರಶ್ನೆ ಬದಲಿ ಮಾಡು. ಆಕಿ ಕೆಟ್ಟಾಕಿ ಅಂತ ಅನ್ನೂದಿಲ್ಲ, ಆಕಿ ಮನಸಿಗೆ ಏನೋ ನೋವಾಗೇದ ಅಂತ ಕಾಣತದ. ಆಕಿ ಕೂಡ ಕೂತು ಮಾತಾಡು. ಮಾತಾಡದ ಇದ್ರ ಗಂಟು ಬಿಗಿ ಆಗತದ.

ಏನ ಇದ್ರೂ ನನಗ ಹೇಳೋ. ನಿನ್ನ ಕೈಯ ಅಕ್ಷರ ನೋಡಬೇಕಂತ ಆಗೇದ.

ನಿನ್ನ ಅಕ್ಕ

*

(ಅಂಕುಡೊಂಕು ಅಕ್ಷರ, ತಾರೀಖಿಲ್ಲ. ಮುಂದಿನ ಪತ್ರದ ಜೋಡಿ ಒಂದೇ ಲಕೋಟೆಯಲ್ಲಿ ಬಂದದ್ದು.)

ಅಕ್ಕಾ
ನಾನ. ಎಡಗೈ.
ಗಾಡಿ ಬಿದ್ದೆ. ತಲಿ.
ಮಾತು ಹೋತು. ಬರತದ.
ನರ್ಮದಾ ಒಳ್ಳೆ. ಬೈಬ್ಯಾಡ.
ನೀ ಏಳಬ್ಯಾಡ.
ಚನ್ನ

*

ಖಡಕಿ
2 ಅಕ್ಟೋಬರ್ 2002

ಶೈಲಕ್ಕಾ,

ಮೊದಲು ಉಸಿರು ಬಿಟ್ಟು, ಮಾಮಾರನ್ನ ಬಾಜೂಕ ಕರಕೊಂಡು ಓದ್ರಿ. ಇವರು ಬದುಕ್ಯಾರ. ಊಟ ಮಾಡತಾರ, ಕೋಲು ಹಿಡದು ಸಂಡಾಸಿಗೆ ಹೋಗಿ ಬರತಾರ, ನನ್ನ ನೋಡಿ ನಗತಾರ. ಇದನ್ನ ಮೊದಲು ಬರೀಬೇಕಂತ ಇವರೇ ಕೈ ಮಾಡಿ ತೋರಿಸಿದ್ರು.

ಜುಲೈ ಕಡಿಗೆ, ಆಫೀಸಿಂದ ಬರಬೇಕಾದ್ರ, ಹಡಪಸರದ ರಸ್ತೆಯೊಳಗ ಬಸ್ಸಿನ ಬಾಜೂಕ ಸ್ಕೂಟರ್ ಜಾರಿತು. ತಲಿಗೆ ಪೆಟ್ಟಾತು. ಆಪರೇಶನ್ ಆತು. ಕಣ್ಣು ತಗದಾಗ ನನ್ನ ಗುರ್ತು ಹಿಡದರು, ಆದ್ರ ಬಲಗೈ ಏಳಲಿಲ್ಲ, ಬಾಯಿಲೇ ಮಾತು ಬರಲಿಲ್ಲ. ಒಂದ ಒಂದು ಶಬ್ದ ಉಳದಿತ್ರಿ, ‘ನಾಳೆ’ ಅಂತ. ನೀರು ಬೇಕಾದ್ರೂ ನಾಳೆ, ತಲಿ ಸಿಡದ್ರೂ ನಾಳೆ, ನನ್ನ ಕರಿಯೂದಿದ್ರೂ ನಾಳೆ. ಒಳಗ ಎಲ್ಲಾ ತಿಳೀತದ, ಹೊರಗ ಬೇರೆ ಬರತದ. ಅದು ಗೊತ್ತಾಗಿ ಸಿಟ್ಟಿಲೇ ಗ್ವಾಡಿಗೆ ಮಾರಿ ಹಾಕಿ ಮಲಗತಿದ್ರು.

ನಿಮಗ ತಿಳಿಸಬೇಕಂತ ನಾ ಹೊಂಟಾಗ ಎಡಗೈಲೇ ನನ್ನ ಸೆರಗು ಹಿಡದರು. ತಮ್ಮ ಹೊಟ್ಟಿ ಮ್ಯಾಲ ಕೈ ಆಡಿಸಿ, ತುಟಿ ಮ್ಯಾಲ ಬಟ್ಟು ಇಟ್ಟರು. ಅಕ್ಕಗ ಹೇಳಬ್ಯಾಡ, ಕೂಸಿಗೆ ಏನರ ಆದೀತು ಅಂತ. ಅದಕ್ಕ ಫೋನಿನ ವಾಯರ್ ನಾನ ಕಿತ್ತು ಇಟ್ಟೆ. ನಾಗಪುರದ ಕಥಿ ನಾನ ಕಟ್ಟಿದೆ. ಮಾಮಾರಿಗೆ ಮೊದಲನೇ ದಿನ ಫ್ಯಾಕ್ಟರಿಗೆ ಫೋನ್ ಮಾಡಿ ಹೇಳಿದ್ದೆ. ಸಕ್ಕರಿ ಮೀಟಿಂಗ್ ಅಂತ ನಿಮಗ ಹೇಳಿ ಇಲ್ಲಿ ಬಂದು ಎರಡು ದಿನ ಇವರ ಕಾಲ ಕಡೆ ಕೂತಿದ್ರು. ಅವರಿಗೆ ಬೈಬ್ಯಾಡ್ರಿ.

ಆ ಹೆಸರು ನಾ ಕೇಳಿದ್ದು ಯಾಕಂದ್ರ, ಮಾತು ಕಲಿಸೂ ಡಾಕ್ಟರ್ ಮುಕ್ತಾತಾಯಿ ಅಂತ ಒಬ್ಬರು ವಾರಕ್ಕ ಎರಡು ಸಲ ಬರತಾರ. ಅವರಿಗೆ ಮರಾಠಿ ಒಂದ ಗೊತ್ತು. ‘ಇವರು ಮನಸಿನಿಂದ ಬರದದ್ದು ಏನರ ಇದ್ರ ಕೊಡ್ರಿ. ತಮ್ಮ ಮಾತು ತಾವ ಓದಿದ್ರ ಲಗೂನ ತಿರುಗಿ ಬರತದ’ ಅಂದ್ರು. ಮನಿ ಎಲ್ಲಾ ಹುಡುಕಿದೆ. ಇವರು ಕಾಗದದ ಮ್ಯಾಲ ಬರದದ್ದು ಸಹಿ ಅಷ್ಟ. ಇವರ ಮಾತು, ಚ್ಯಾಷ್ಟಿ, ಬೈಗಳ ಎಲ್ಲಾ ನಿಮಗ ಬರದ ಇ-ಮೇಲಿನೊಳಗ ಇದ್ದವು. ಅವನ್ನ ಕಳಿಸ್ರಿ ಅಂತ ನಿಮ್ಮನ್ನ ಕೇಳಿದ್ರ ‘ಯಾಕ?’ ಅಂತೀರಿ. ಅದಕ್ಕ ಬಜಾರದ ಸೈಬರ್ ಕೆಫೆಗೆ ಹೋಗಿ ನಾನ ತಗೀಲಿಕ್ಕೆ ನೋಡಿದೆ. ಪ್ರಶ್ನೆ ಬಂತು. ಮನಿಗೆ ಬಂದು ಇವರನ್ನ ಕೇಳಿದೆ. ಆ ಹೆಸರು ತುಟಿ ತನಕ ಬರತಿತ್ತು ಅಕ್ಕಾ, ಬಾಯಿ ‘ನಾಳೆ’ ಅಂತಿತ್ತು. ನನ್ನ ಕಣ್ಣ ಮುಂದ ಅವರು ಕೂಸಿನಂಗ ಅತ್ತರು. ಆಮ್ಯಾಲ ಅವರನ್ನ ಕೇಳಲಿಲ್ಲ, ನಿಮಗ ಬರದೆ.

ನೀವು ನನ್ನ ಬಗ್ಗೆ ಬರದದ್ದು ಓದಿದಾಗ ಸಂಕಟ ಆತು, ಸುಳ್ಳು ಯಾಕ ಹೇಳಲಿ. ಆದ್ರ ಖರೆ ಹೇಳಿ ನಿಮಗೇನರ ಆದ್ರ ನಾ ಇವರಿಗೆ ಯಾವ ಮಾರಿ ತೋರಸಲಿ? ನೀವು ನನಗ ಸಂಶಯದಾಕಿ ಅಂದುಕೊಂಡ್ರೂ ನಡೀತದ ಅಂತ ಸುಮ್ಮನಿದ್ದೆ.

ನೀವು ಆಫೀಸಿಗೆ ಹಾಕಿದ ಪತ್ರ ಇವರ ದೋಸ್ತ ಬಾಳು ಮನಿಗೆ ತಂದುಕೊಟ್ರು. ಇವರ ಹೆಸರಿಗೆ ಬಂದದ್ದು, ಅದಕ್ಕ ಇವರ ಮುಂದ ಒಡದು ಗಟ್ಟಿಯಾಗಿ ಓದಿದೆ. ನನ್ನ ವಿಷಯ ಬಂದಲ್ಲೂ ಬಿಡಲಿಲ್ಲ.  ಮುಗದ ಮ್ಯಾಲ ಕೈ ಮಾಡಿ ಪೆನ್ನು ಬೇಡಿದ್ರು. ಆ ಚೀಟಿ ಬರೀಲಿಕ್ಕೆ ಇಡೀ ಮಧ್ಯಾಹ್ನ ಹಿಡೀತು. ನಾ ಒಂದಕ್ಷರನೂ ಹೇಳಿಕೊಟ್ಟಿಲ್ಲ.

ನೀವು ಗಟ್ಟಿ ಇರ್ರಿ. ಆರಾಮ ಅದೀನಿ ಅಂತ ಮಾಮಾರ ಕಡಿಂದ ಹೇಳಿಸ್ರಿ.

ನಿಮ್ಮ
ನರ್ಮದಾ

*

ಮುಧೋಳ
10 ಅಕ್ಟೋಬರ್ 2002

ನನ್ನ ನರ್ಮದಾ,

ಅವನ ಚೀಟಿ ಮೊದಲು ಓದಿದೆ. ‘ನೀ ಏಳಬ್ಯಾಡ’ ಅಂತ ಇದ್ದದ್ದಕ್ಕ ಏಳಲಿಲ್ಲ. ಇಲ್ಲಾಂದ್ರ ಎದ್ದು ಬಸ್‌ಸ್ಟ್ಯಾಂಡ್ ತನಕ ಓಡತಿದ್ದೆ.

ಹೊಟ್ಟಿ ಬಿಗಿ ಹಿಡೀತು, ಖರೆ. ನಮ್ಮವರು ಹೆದರಿ ಡಾಕ್ಟರಬಾಯಿನ ಕರಕೊಂಡು ಬಂದ್ರು. ಆಕಿ ಕಿವಿ ಹಚ್ಚಿ ಕೇಳಿ, ಕೂಸು ಆರಾಮ ಅದ, ಅಳೂದಿದ್ರ ಅತ್ತು ಬಿಡ್ರಿ ಅಂದ್ಳು. ಅತ್ತೆ. ನಾ ಅಳೂದಕ್ಕೋ ಏನೋ, ಒಳಗಿದ್ದದ್ದು ಎಂದಿಗಿಂತ ಜೋರಲೇ ಒದೀಲಿಕ್ಕೆ ಶುರು ಮಾಡ್ತು. ಹಿಂದಿನ ಎರಡೂ ಕೂಸು ಹಿಂಗ ನನಗ ಒದ್ದಿರಲಿಲ್ಲ ನರ್ಮದಾ. ಅಳೂದೂ ನಗೂದೂ ಕೂಡೇ ಆತು.

ನಿನಗ ನಾ ಏನೇನು ಬರದೆ! ನೀ ಅದನ್ನೆಲ್ಲಾ ನುಂಗಿಕೊಂಡು ಹಾಲು ಕುಡೀರಿ ಅಂತ ಬರದಿ. ನನಗ ತವರು ಅಂದ್ರ ಅವ, ಆಮ್ಯಾಲ ನೀ ಅಂತ ಬರದಿದ್ದೆ. ಈಗ ಆ ಸಾಲು ತಿರುವಿ ಓದಿಕೊ.

ಮುಚ್ಚಿಟ್ಟದ್ದಕ್ಕ ನಮ್ಮವರ ಕೂಡ ಎರಡು ದಿನ ಮಾತು ಬಿಟ್ಟೆ. ಇದಕ್ಕೂ ಮೊದಲ ಒಂದಿನ ಚಾ ಕುಡಿಯೂ ಮುಂದ ‘ನೀ ಚನ್ನಗ ಸಣ್ಣಾಂವಿದ್ದಾಗ ಏನಂತಿದ್ದಿ?’ ಅಂತ ತಾವಾಗೇ ಕೇಳಿದ್ರು. ‘ನಿಮಗ್ಯಾಕ?’ ಅಂದೆ. ಮಾರಿ ಸಣ್ಣದು ಮಾಡಿಕೊಂಡು ಎದ್ದು ಹೋದ್ರು. ಆವಾಗರ ನನಗ ತಿಳೀಬೇಕಿತ್ತು.

ಅವನ ಇ-ಮೇಲ್ ಎಲ್ಲಾ ಫ್ಯಾಕ್ಟರಿಯೊಳಗ ಪ್ರಿಂಟ್ ತಗಸಿ ಕಳಿಸೀನಿ. ನಿನ್ನ ಚಪಾತಿಗೆ ಭಾರತದ ನಕಾಶಾ ಅಂದದ್ದೂ ಅದರಾಗ ಅದ, ಓದಿಸು. ಮುಕ್ತಾತಾಯಿಯವರಿಗೆ ನನ್ನ ನಮಸ್ಕಾರ.

ಹೆಸರು ಮಾತ್ರ ಪತ್ರದಾಗ ಬರಿಯೂದಿಲ್ಲ. ನಿನ್ನ ಮ್ಯಾಲಿನ ಸಂಶಯಕ್ಕಲ್ಲ. ಅದು ಅವನ ಕಿವಿಯೊಳಗ ನಾ ಹಾಕಿದ್ದು, ಅಲ್ಲೇ ಹೋಗಿ ಮುಟ್ಟಲಿ. ಫೋನಿನ ವಾಯರ್ ಹಚ್ಚು. ರವಿವಾರ ಮುಂಜಾನಿ ಮಾಡತೀನಿ.

ಕುಬಸಕ್ಕ ನೀವು ಬರೂದು ಬ್ಯಾಡ. ಎಲ್ಲಿದ್ದೀರೋ ಅಲ್ಲಿಂದ ಹರಸ್ರಿ.

ನಿನ್ನ
ಶೈಲಕ್ಕ

*

ಖಡಕಿ
25 ಅಕ್ಟೋಬರ್ 2002

ಶೈಲಕ್ಕಾರಿಗೆ ನಮಸ್ಕಾರಗಳು.

ರವಿವಾರ ನಿಮ್ಮ ಫೋನ್ ಬಂದಾಗ ರಿಸೀವರ್ ಇವರ ಕಿವಿಗೆ ಕೊಟ್ಟು ನಾ ಹೊರಗ ಗ್ಯಾಲರಿಗೆ ಹೋದೆ. ನೀವು ಆ ಕಡಿಂದ ಏನಂದ್ರೋ, ಇವರು ನಕ್ಕಿದ್ದು ಕೇಳಿಸ್ತು. ಆಸ್ಪತ್ರಿಯಿಂದ ಬಂದ ಮ್ಯಾಲ ಅಂಥಾ ನಗಿ ನಾ ಕೇಳಿರಲಿಲ್ಲ. ಆಮ್ಯಾಲ ಆ ಹೆಸರು ತಾವೂ ಅಂದ್ರಂತ, ನೀವ ನನಗ ಹೇಳಿದ್ರಿ.

ಮರುದಿನ ಹುಮ್ಮಸಿನಿಂದ ಸೈಬರ್ ಕೆಫೆಗೆ ಕರಕೊಂಡು ಹೋದೆ. ಬಾಯಿ ಅಂದದ್ದನ್ನ ಬಟ್ಟು ಕೇಳಲಿಲ್ರಿ. ಒಂದಕ್ಷರ ಒತ್ತಿ ಇನ್ನೊಂದು ಹುಡುಕತಾ ಕೂತ್ರು. ತಪ್ಪು ತಪ್ಪು ಹೋಗಿ, ಕಡಿಗೆ ಅದು ಇವತ್ತಿಗೆ ಸಾಕು ಅಂತ ಬಾಗಲಾ ಹಾಕಿಬಿಡ್ತು. ‘ನನಗ ಹೇಳ್ರಿ, ನಾ ಒತ್ತತೀನಿ’ ಅಂದೆ. ಬ್ಯಾಡ ಅಂತ ತಲಿ ಆಡಿಸಿದ್ರು. ನಾನೂ ಒತ್ತಾಯ ಮಾಡಲಿಲ್ಲ. ಅಲ್ಲಿ ತನಕ ನೀವು ಕಳಿಸಿದ ಪ್ರಿಂಟ್ ಅದಾವ. ದಿನಾ ಒಂದು ಹಾಳಿ ಓದತಾರ. ಭಾರತದ ನಕಾಶಾ ಬಂದಾಗ ನನ್ನ ಕಡೆ ಬಟ್ಟು ಮಾಡಿ ತೋರಿಸಿದ್ರು.

ಮೊನ್ನೆ ಇಲ್ಲಿ ಬಂದುಹೋದ ಮಾಮಾರ ಕೈಯಾಗ ಇಳಕಲ್ ಸೀರಿ, ಹಸರು ಬಳಿ ಕಳಿಸೀನ್ರಿ. ಆರಿಸಿದಾವರು ಇವರ. ಕುಬಸದ ದಿನ ಉಟ್ಟುಕೊರಿ.

ನರ್ಮದಾ

*

ಮುಧೋಳ
31 ಡಿಸೆಂಬರ್ 2002

ನರ್ಮದಾ, ಚನ್ನಾ,

ಫೋನಿನಾಗ ನಮ್ಮವರು ಹೇಳ್ಯಾರ, ಆದ್ರೂ ನಾನ ಬರೀಬೇಕಂತ ಬರೀತೀನಿ. ಹೆಣ್ಣು. ಸಣ್ಣದದ, ಆದ್ರ ಧ್ವನಿ ಸಣ್ಣದಲ್ಲ. ಈಗ ಕೂತು ಬರೀಲಿಕ್ಕತ್ತೀನಿ, ಅಕ್ಷರ ನೋಡು, ನೆಟ್ಟಗ ಅದಾವ.

ಮಂಚದ ಬಾಜೂಕಿನ ಕಂಪ್ಯೂಟರ್ ತಗದು ತೊಟ್ಟಲಾ ಇಟ್ಟೀವಿ. ಕಂಪ್ಯೂಟರ್ ಕಿಡಕಿ ಕಡೆ ಅದ, ಅದನ್ನೂ ದಿನಾ ನೋಡತೀನಿ.

ಶೈಲಕ್ಕ

*

ಖಡಕಿ
12 ಜನೆವರಿ 2003

ಶೈಲಕ್ಕಾರಿಗೆ ನಮಸ್ಕಾರಗಳು. ಕೂಸಿಗೆ ಮುದ್ದು.

ನಿಮ್ಮ ಪತ್ರ ಬಂದ ದಿನದಿಂದ ಇವರು ಸೈಬರ್ ಕೆಫೆ ಕಡೆ ಕೈ ಮಾಡಲಿಕ್ಕೆ ಶುರು ಮಾಡಿದ್ರು. ಹೋದ ಸಲದ್ದು ನೆನಸಿ ನಾನ ಮುಂದ ಹಾಕತಿದ್ದೆ. ನಿನ್ನೆ ಬಾಲವಾಡಿಯಿಂದ ಬರೂದರಾಗ ಅಂಗಿ ತಾವ ಹಾಕ್ಕೊಂಡು, ಕೋಲು ಹಿಡದು ಬಾಗಲದಾಗ ನಿಂತಿದ್ರು. ಹೋದ್ವಿ.

ಪ್ರಶ್ನೆ ಬಂತು. ನಾ ಬಾಜೂಕ ಕೂತೆ. ಪರದೆ ಮ್ಯಾಲ ಬರೇ ಚುಕ್ಕಿ ಕಾಣತಾವ, ಏನು ಒತ್ತಿದ್ರೋ ಗೊತ್ತಾಗೂದಿಲ್ಲ. ಎಡಗೈ ತೋರಬಟ್ಟಿಲೇ, ಒಂದು ಒತ್ತಿ, ಕಣ್ಣು ಮುಚ್ಚಿ, ತುಟಿ ಆಡಿಸಿ, ಮುಂದಿನದು ಒತ್ತಿದ್ರು. ಬಾಗಲಾ ತಗೀತ್ರಿ ಅಕ್ಕಾ.

ಒಳಗ ನಿಮ್ಮ ಇ-ಮೇಲ್ ಎಷ್ಟು ಇದ್ವು! ಆಗಸ್ಟಿನಿಂದ ಹಿಡದು. ‘ಎಲ್ಲಿದ್ದಿ?’, ‘ಯಾಕೋ?’, ‘ಬರಿಯೋ’ ಅಂತ ಹೊರಗಿನ ಸಾಲಿನಾಗ ಕಂಡ್ವು. ಅವನ್ನ ಇನ್ನೂ ತಗದಿಲ್ಲ. ಒಂದೊಂದ ಓದತಾರಂತ.

ಆದ್ರ ಒಳಗ ಬಿಡೂದಕ್ಕ ಮೊದಲ ಅದು ಹೊಸ ಪಾಸ್‌ವರ್ಡ್ ಇಡ್ರಿ ಅಂತ ಕೇಳಿತ್ತು. ಕೀಲಿಮಣಿ ಮ್ಯಾಲ ನನ್ನ ಕಣ್ಣಿತ್ತು. ಒಂದು ಅಕ್ಷರ ತಪ್ಪಿದ್ರ ಹೇಳಬೇಕಂತ ಬಗ್ಗಿ ನೋಡಲಿಕ್ಕತ್ತಿದ್ದೆ. ಇವರು ಕೈ ಎತ್ತಿ ಕೂತ್ರು. ಒತ್ತಲಿಲ್ಲ. ದಣದ್ರೇನೋ ಅಂತ ಮಾರಿ ನೋಡಿದೆ.

‘ಆ ಕಡೆ ನೋಡು’ ಅಂದ್ರು.

ತಡವರಿಸಲಿಲ್ಲ, ಹುಡುಕಲಿಲ್ಲ. ಮೊದಲು ನನಗ ಹೆಂಗ ಹೇಳತಿದ್ರೋ ಹಂಗ, ಸ್ವಲ್ಪ ಗದರಿಸಿ.

ನಾ ಆ ಕಡೆ ತಿರುಗಿದೆ. ಹೊರಗ ಖಡಕಿ ಬಜಾರ ಎಲ್ಲಾ ಕಣ್ಣಾಗ ನೀರಾಗಿ ಕಾಣತಿತ್ತು. ಹಿಂದ ಕೀಲಿ ಸಪ್ಪಳ ಒಂದೊಂದ ಕೇಳತಿತ್ತು. ಮುಗೀತು ಅನ್ನೂ ತನಕ ನಾ ತಿರುಗಲಿಲ್ಲ.

ಏನಿಟ್ಟರು ಅಂತ ನನಗ ಗೊತ್ತಿಲ್ರಿ. ಕೇಳೂದೂ ಇಲ್ಲ.

ನಿಮ್ಮ
ನರ್ಮದಾ